ಕುಕ್ಕರ್ ಹೊತ್ತ ಸೈಕಲ್

"ಸೈಕಲ್ ಮೇಲೆ ಕುಕ್ಕರ್ ಕಟ್ಕೊಂಡು ಬೆಟ್ಟ ಹತ್ತೋರನ್ನ ನಾನು ಇದೇ ಮೊದಲು ನೋಡ್ತಿರೋದು."

ಮಾತು ಹಿಂದಿನಿಂದ ಬಂತು. ಲಾಸ್ಯಾ ತಿರುಗಿ ನೋಡಲಿಲ್ಲ. ನೋಡಿದ್ದರೆ ಸೈಕಲ್ ಸಮೇತ ರಸ್ತೆ ಪಕ್ಕದ ಚರಂಡಿಗೆ ಬೀಳುತ್ತಿದ್ದಳು. ಅಷ್ಟು ನಿಧಾನವಾಗಿ ಏರುತ್ತಿದ್ದಳು ಅವಳು.

"ನೋಡಿದ್ರಲ್ಲ... ಇನ್ನು ದಾಟ್ಕೊಂಡು ಹೋಗಿ," ಎಂದಳು ಏದುಸಿರಿನ ನಡುವೆ.

"ಹೋಗೋ ಹಾಗಿಲ್ಲ. ನಾನು ಸ್ವೀಪ್."

"ಹಾಗಂದ್ರೆ?"

"ಎಲ್ಲರಿಗಿಂತ ಹಿಂದೆ ಬರೋನು. ಕೊನೆಯವರು ಎಲ್ಲಿರ್ತಾರೋ ಅವರ ಹಿಂದೆ. ಯಾರದ್ದಾದ್ರೂ ಟೈರ್ ಪಂಕ್ಚರ್ ಆಯ್ತು, ಯಾರಿಗೋ ಸುಸ್ತಾಯ್ತು ಅಂದ್ರೆ ನೋಡ್ಕೊಳ್ಳೋಕೆ. ಸ್ವೀಪ್ ಯಾರನ್ನೂ ದಾಟಬಾರದು. ಪ್ರಭಾ ಅಕ್ಕನ ರೂಲು."

ಅಂದರೆ ಕೊನೆಯವಳು ನಾನು... ಲಾಸ್ಯಾಳ ಕಿವಿ ಬಿಸಿಯಾಯಿತು.

"ಹಿಂದೆ ನಿಂತು ಯಾರಾದ್ರೂ ನೋಡ್ತಿದ್ರೆ ನನಗೆ ಕಾಲೇ ಆಡಲ್ಲ."

"ಸರಿ ಹಾಗಾದ್ರೆ, ನಾನು ಮರ ನೋಡ್ತೀನಿ."

ಅವನು ನಿಜಕ್ಕೂ ಮರ ನೋಡತೊಡಗಿದ. ಅಷ್ಟು ಸುಸ್ತಿನಲ್ಲೂ ಅವಳಿಗೆ ನಗು ಬಂತು. ತೋರಿಸಿಕೊಳ್ಳಲಿಲ್ಲ.

ಅವನ ಹೆಸರು ತೇಜಸ್ವಿ. ಹಾಸನದವನು, ಫಾಸ್ಟರ್ ಸಿಟಿಯ ಲ್ಯಾಬೊಂದರಲ್ಲಿ ಕೆಲಸ. ವಿದೇಶಕ್ಕೆ ಬಂದು ಸೌತ್ ಬೇಯಲ್ಲಿ ನೆಲೆಸಿದ ಕನ್ನಡದವರ ಸೈಕಲ್ ಗುಂಪಿನಲ್ಲಿ ನಾಲ್ಕು ವರ್ಷದಿಂದ ಇದ್ದವನು. ಲಾಸ್ಯಾ ಸೇರಿ ಇನ್ನೂ ಐದೇ ತಿಂಗಳಾಗಿತ್ತು. ಹತ್ತು ಜನರ ಈ ಮೂರು ದಿನದ ಸವಾರಿ ಅವಳಿಗೆ ಮೊದಲನೆಯದು. ಕ್ಯಾಂಪ್‌ಬೆಲ್‌ನಿಂದ ಹೊರಟು, ಸಾರಟೋಗಾ ದಾಟಿ ಬೆಟ್ಟ ಹತ್ತಿ, ರೆಡ್‌ವುಡ್ ಕಾಡಿನೊಳಗೆ ಎರಡು ರಾತ್ರಿ ಟೆಂಟ್ ಹಾಕಿ, ಸಮುದ್ರದ ಗಾಳಿ ಕುಡಿದು ವಾಪಸ್ ಬರಬೇಕು. ಹಿಂದೆ ಯಾವ ಕಾರೂ ಬರುವುದಿಲ್ಲ. ಬೇಕಾದದ್ದನ್ನೆಲ್ಲ ಸೈಕಲ್ಲಿನ ಎರಡು ಪಕ್ಕ ನೇತುಹಾಕುವ ಬ್ಯಾಗಿನಲ್ಲಿ ತಾವೇ ಹೊರಬೇಕು.

ಗುಂಪಿನ ನಾಯಕಿ ಪ್ರಭಾ ಅಕ್ಕ. ಮೈಸೂರಿನವರು, ಮಕ್ಕಳ ಡಾಕ್ಟರು, ಐವತ್ತನಾಲ್ಕು ವರ್ಷ. ಹೊರಡುವುದಕ್ಕೆ ಒಂದು ವಾರ ಮೊದಲು ಎಲ್ಲರನ್ನೂ ಮನೆಗೆ ಕರೆದು ಹೇಳಿದ್ದರು.

"ಕಾಡಿಗೆ ಹೋದ್ವಿ ಅಂತ ಪ್ಯಾಕೆಟ್ ನೂಡಲ್ಸ್ ತಿನ್ನೋಕೆ ನಾವೇನು ಕಾಲೇಜ್ ಮಕ್ಕಳಾ? ಮೊದಲ ರಾತ್ರಿ ಮನೆಯಿಂದ ತಂದ ಪುಳಿಯೋಗರೆ. ಎರಡನೇ ರಾತ್ರಿ ಬಿಸಿ ಅನ್ನ, ಸಾರು. ಕುಕ್ಕರ್ ಯಾರು ತರ್ತೀರಾ?"

ಎಲ್ಲರೂ ಕಾಫಿ ಲೋಟದೊಳಗೆ ನೋಡಿದರು. ಅವರ ಯಜಮಾನರು ಶೇಷಾದ್ರಿಯಂತೂ ಅಡುಗೆಮನೆಗೇ ಎದ್ದು ಹೋದರು.

"ನಾನು ತರ್ತೀನಿ," ಎಂದಿದ್ದಳು ಲಾಸ್ಯಾ. "ಅಕ್ಕಿ, ಬೇಳೆ, ತರಕಾರಿನೂ ನಾನೇ ಹೊರ್ತೀನಿ. ಒಂದೇ ಕಡೆ ಇರಲಿ."

"ಏಳೂವರೆ ಕೆಜಿ ಆಗುತ್ತೆ ಕಣೇ."

"ಆಗಲಿ ಅಕ್ಕ."

ಯಾಕೆ ಹಾಗೆಂದಳೋ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಆರು ವರ್ಷದ ದಾಂಪತ್ಯದಲ್ಲಿ ಅವಳು ಅತಿ ಹೆಚ್ಚು ಕೇಳಿದ ಮಾತು ಒಂದೇ... 'ನಿಂಗಾಗಲ್ಲ ಬಿಡು, ನಾನ್ ಮಾಡ್ತೀನಿ.' ಸುಜಯ್ ಅದನ್ನು ಪ್ರೀತಿಯಿಂದಲೇ ಹೇಳುತ್ತಿದ್ದ. ಆ ಮನೆ ಬಿಟ್ಟು ಮೂರು ವರ್ಷವಾಗಿತ್ತು. ಮೂವತ್ತೊಂದನೇ ವಯಸ್ಸಿನಲ್ಲಿ, ಕ್ಯಾಂಪ್‌ಬೆಲ್‌ನ ಹೊಳೆ ಪಕ್ಕದ ಟ್ರೈಲ್ ಎಂಬ ಕಾಲುದಾರಿಯಲ್ಲಿ, ಪುಟ್ಟ ಮಕ್ಕಳು ಬೆಲ್ ಹೊಡೆದು ದಾಟಿಕೊಂಡು ಹೋಗುತ್ತಿದ್ದಾಗ, ಮೊಣಕಾಲು ತರಚಿಕೊಂಡು ಅವಳು ಸೈಕಲ್ ಕಲಿತಿದ್ದಳು.

ಈಗ ಅವಳಿಗೆ ಒಂದೇ ಆಸೆ. ತಾನು ಹೊತ್ತದ್ದನ್ನು ತಾನೇ ಕೊನೆ ಮುಟ್ಟಿಸಬೇಕು.

ಆದರೆ ಮೊದಲ ದಿನವೇ ಬೆಟ್ಟ ಅವಳನ್ನು ಇಳಿಸಿತು. ತುದಿಗೆ ಇನ್ನೊಂದು ಮೈಲಿ ಇದೆ ಎನ್ನುವಾಗ ತೊಡೆ ಹಿಡಿದುಕೊಂಡವು. ಇಳಿದಳು. ತಳ್ಳತೊಡಗಿದಳು. ಕುಕ್ಕರಿನ ಮುಚ್ಚಳ ಪ್ರತಿ ಹೆಜ್ಜೆಗೂ ಟಣ್ ಟಣ್ ಎನ್ನುತ್ತಿತ್ತು.

ಹಿಂದೆ ತೇಜಸ್ವಿಯೂ ಇಳಿದ. ಅವನೂ ತಳ್ಳಿದ. ಅವಳು ತೋಳಿನಿಂದ ಕಣ್ಣೊರೆಸಿಕೊಂಡದ್ದನ್ನು ಮಾತ್ರ ನೋಡಿದ.

ಆ ನೋಟವೇ ಮರುದಿನದ ಎಡವಟ್ಟಿಗೆ ಮೂಲ.

* * *

ಆ ಸಂಜೆ ಟೆಂಟುಗಳ ನಡುವೆ ಪುಳಿಯೋಗರೆ ಡಬ್ಬಿ ತೆರೆದಾಗ ಎಲ್ಲರ ನೋವೂ ಅರ್ಧ ಇಳಿಯಿತು. ಸುತ್ತ ನಿಂತ ರೆಡ್‌ವುಡ್ ಮರಗಳ ತುದಿ ಕಾಣುತ್ತಲೇ ಇರಲಿಲ್ಲ.

"ತುದಿ ಹುಡುಕೋಕೆ ಹೋಗ್ಬೇಡಿ, ಕುತ್ತಿಗೆ ಉಳುಕುತ್ತೆ," ಎಂದ ತೇಜಸ್ವಿ.

ಲಾಸ್ಯಾ ಒಂದು ಮರದ ತೊಗಟೆ ಸವರಿದಳು. ಕಲ್ಲಿನಂತಿರುತ್ತದೆ ಅಂದುಕೊಂಡಿದ್ದಳು. ಮೆತ್ತಗಿತ್ತು.

"ಅಯ್ಯೋ, ತೆಂಗಿನ ನಾರು ಇದ್ದ ಹಾಗಿದೆಯಲ್ರೀ!"

"ಮಂಡ್ಯದೋರು ಅಂತ ಈಗ ಗ್ಯಾರಂಟಿ ಆಯ್ತು. ಸಾವಿರ ವರ್ಷದ ಮರ ಮುಟ್ಟಿ ನಾರು ನೆನಪಾಯ್ತಲ್ಲ."

"ಹಾಸನದೋರಿಗೆ ಏನು ನೆನಪಾಗುತ್ತೆ?"

"ಆಲೂಗಡ್ಡೆ. ನಮಗೆ ಏನು ನೋಡಿದ್ರೂ ಆಲೂಗಡ್ಡೆನೇ."

ಲಾಸ್ಯಾ ನಕ್ಕಳು. ಈ ಸಲ ಬಚ್ಚಿಡಲಿಲ್ಲ. ಎಷ್ಟು ದಿನವಾಯಿತು ಹೀಗೆ ನಕ್ಕು... ಎನಿಸಿತು. ಪ್ರಭಾ ಅಕ್ಕ ಕತ್ತಲಲ್ಲೇ ಗಂಡನ ಪಕ್ಕೆ ತಿವಿದರು.

ಮಲಗುವ ಮುಂಚೆ ಊಟದ ಸಾಮಾನನ್ನೆಲ್ಲ ಕ್ಯಾಂಪಿನ ಕಬ್ಬಿಣದ ಪೆಟ್ಟಿಗೆಯೊಳಗೆ ಇಟ್ಟು ಚಿಲಕ ಹಾಕಬೇಕಿತ್ತು. ಹೊರಗಿಟ್ಟರೆ ಕಾಡಿನ ರಕೂನ್‌ಗಳು ಬೆಳಗಾಗುವಷ್ಟರಲ್ಲಿ ಬ್ಯಾಗ್ ಹರಿದುಬಿಡುತ್ತವೆ. ಲಾಸ್ಯಾ ಅಕ್ಕಿ, ಬೇಳೆ, ತರಕಾರಿ ಚೀಲಗಳನ್ನು ತಾನೇ ಒಳಗಿಟ್ಟಳು. ಕುಕ್ಕರಿನ ವಿಷಲ್ ಮಾತ್ರ ಕಳೆದುಹೋದೀತೆಂದು ತನ್ನ ಜೆರ್ಸಿಯ ಬೆನ್ನ ಜೇಬಿನಲ್ಲೇ ಇಟ್ಟುಕೊಂಡಳು.

ಬೆಳಿಗ್ಗೆ ಅವಳು ನೀರು ತುಂಬಿಸಿಕೊಂಡು ಬರುವಷ್ಟರಲ್ಲಿ ತೇಜಸ್ವಿ ಅವಳ ಸೈಕಲ್ ಪಕ್ಕ ನಿಂತಿದ್ದ.

"ನಿಮ್ಮ ಹಿಂದಿನ ಬ್ರೇಕ್ ಸ್ವಲ್ಪ ಉಜ್ಜುತ್ತಿತ್ತು, ಸರಿ ಮಾಡಿದೀನಿ. ಪೆಟ್ಟಿಗೆಯಿಂದ ಸಾಮಾನೂ ತೆಗೆದು ಕಟ್ಟಿದೀನಿ. ಹೊರಡೋದೇ."

"ಥ್ಯಾಂಕ್ಸ್," ಎಂದಳು. ಬ್ಯಾಗು ದಪ್ಪಗೇ ಇತ್ತು. ಮೇಲೆ ಕುಕ್ಕರ್ ಇತ್ತು. ಅನುಮಾನ ಯಾಕೆ ಬರಬೇಕು?

ಕ್ಯಾಂಪಿನಿಂದ ಮೇಲಿನ ರಸ್ತೆಗೆ ಮೂರು ಮೈಲಿ. ಮೂರೂ ಮೈಲಿ ಏರು. ಹಿಂದಿನ ಸಂಜೆ ಅಲ್ಲಿ ಇಳಿಯುವಾಗಲೇ ಎಲ್ಲರೂ ಬ್ರೇಕ್ ಹಿಡಿದು ಹಿಡಿದು ಕೈ ನೋಯಿಸಿಕೊಂಡಿದ್ದರು.

ಮೊದಲ ತಿರುವು. ಎರಡನೆಯದು. ಇನ್ನೇನು ತೊಡೆ ಹಿಡಿದುಕೊಳ್ಳುತ್ತೆ... ಈಗ... ಈಗ...

ಹಿಡಿದುಕೊಳ್ಳಲಿಲ್ಲ.

ಏನಾಗ್ತಿದೆ ನನಗೆ? ಒಂದೇ ರಾತ್ರಿಯಲ್ಲಿ ಇಷ್ಟು ಬಲ ಬಂತಾ?

ಮರಗಳ ಮಧ್ಯದಿಂದ ಬಿಸಿಲು ರಸ್ತೆಗೆ ಪಟ್ಟಿ ಪಟ್ಟಿಯಾಗಿ ಬಿದ್ದಿತ್ತು. ಒಂದೊಂದು ಪಟ್ಟಿಯನ್ನೇ ಲೆಕ್ಕ ಹಾಕುತ್ತಾ ಅವಳು ಏರಿದಳು. ಒಂದು ಸಲವೂ ಇಳಿಯಲಿಲ್ಲ. ತುದಿ ಮುಟ್ಟಿದಾಗ ಹತ್ತು ಜನರಲ್ಲಿ ಅವಳು ಐದನೆಯವಳು. ಸೈಕಲ್ ನಿಲ್ಲಿಸಿ, ಹೆಲ್ಮೆಟ್ ಹಾಕಿಕೊಂಡೇ ರಸ್ತೆಯಲ್ಲಿ ಎರಡು ಸುತ್ತು ಕುಣಿದಳು.

"ಲಾಸ್ಯಾ ಆಂಟಿ, ಯು ಕಿಲ್ಡ್ ಇಟ್," ಎಂದಳು ಪ್ರಭಾ ಅಕ್ಕನ ಮಗಳು, ಕಾಲೇಜಿನ ಇಂಚರಾ.

"ಅಕ್ಕ ಅನ್ನು. ಆಂಟಿ ಯಾಕೆ?"

ಕೊನೆಯಲ್ಲಿ ತೇಜಸ್ವಿ ಬಂದ. ಮುಖ ಕೆಂಪಾಗಿತ್ತು, ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಅವಳ ಕುಣಿತ ನೋಡಿದ. ಏನೋ ಹೇಳಲು ಬಾಯಿ ತೆರೆದ. ಮುಚ್ಚಿದ.

ಮಧ್ಯಾಹ್ನ ಪೆಸ್ಕಡೆರೋ ಊರಲ್ಲಿ ಫೋನಿಗೆ ಸಿಗ್ನಲ್ ಸಿಕ್ಕಿತು. ಎವರ್‌ಗ್ರೀನ್ ಬಡಾವಣೆಯ ಅಣ್ಣನ ಮನೆಗೆ ಆರು ತಿಂಗಳಿಗೆಂದು ಬಂದಿದ್ದ ಅಮ್ಮ ಮರಿತಾಯಮ್ಮನಿಗೆ ಲಾಸ್ಯಾ ಫೋನ್ ಮಾಡಿದಳು. ಸ್ಪೀಕರ್ ಹಾಕಿ, ಬ್ರೆಡ್ ಕಚ್ಚುತ್ತಾ.

"ಅಮ್ಮ, ಮೂರು ಮೈಲಿ ಬೆಟ್ಟ. ಒಂದ್ಸಲಾನೂ ಇಳೀಲಿಲ್ಲ. ಕುಕ್ಕರು, ಅಕ್ಕಿ, ಬೇಳೆ, ಎಲ್ಲಾ ಹೊತ್ಕೊಂಡು."

"ಎಸ್ಟಕ್ಕಿ ಮಗಾ?"

"ಮೂರು ಕೆಜಿ."

"ಅಷ್ಟೇಯಾ? ನಾನು ನಿನ್ನ ಬಸುರಿ ಇದ್ದಾಗ ಮಿಲ್ಲಿಂದ ಅರ್ಧ ಮೂಟೆ ಹೊತ್ಕ ಬತ್ತಿದ್ದೆ." ಆಮೇಲೆ ಮೆತ್ತಗೆ, "ನನ್ ಮಗಳಲ್ವಾ ನೀನು... ಹೊತ್ತೀಯ ಬುಡು," ಎಂದರು ಮರಿತಾಯಮ್ಮ.

ಲಾಸ್ಯಾಳ ಎದೆ ತುಂಬಿಬಂತು. ಅಮ್ಮ ಹೀಗೆ ಹೇಳಿ ಎಷ್ಟು ವರ್ಷವಾಯಿತು... ಡೈವೋರ್ಸ್ ಆದಮೇಲೆ ಅಮ್ಮ ಅವಳನ್ನು ಬೈದಿರಲಿಲ್ಲ. ಹೊಗಳಿಯೂ ಇರಲಿಲ್ಲ.

ಎದುರಿನ ಬೆಂಚಿನಲ್ಲಿ ಕೂತಿದ್ದ ತೇಜಸ್ವಿ ತಲೆ ತಗ್ಗಿಸಿ, ಆಗಲೇ ಸರಿಯಾಗಿದ್ದ ಶೂ ಲೇಸನ್ನು ಮತ್ತೆ ಬಿಚ್ಚಿ ಕಟ್ಟುತ್ತಿದ್ದ.

* * *

ಎರಡನೇ ಕ್ಯಾಂಪು ಬುಟಾನೋ ಕಾಡಿನಲ್ಲಿ. ಬೆಳಕು ಇನ್ನೂ ಇತ್ತು. ಶೇಷಾದ್ರಿ ಒಲೆ ಹೊತ್ತಿಸಿದರು. ಗ್ಯಾಸಿನ ಪುಟ್ಟ ಒಲೆ, ಅದರ ಮೇಲೆ ಐದು ಲೀಟರ್ ಕುಕ್ಕರ್ ರಾಜನ ಹಾಗೆ ಕೂತಿತ್ತು.

"ನಮ್ಮ ಬೆಟ್ಟದ ರಾಣಿ ಎಲ್ಲಿ? ಅಕ್ಕಿ ತಾರೇ ಲಾಸ್ಯಾ," ಎಂದರು ಪ್ರಭಾ ಅಕ್ಕ.

ಲಾಸ್ಯಾ ಹೆಮ್ಮೆಯಿಂದಲೇ ಬ್ಯಾಗಿನ ಬಕಲ್ ತೆಗೆದಳು. ಕೈ ಹಾಕಿದಳು.

ಕೈಗೆ ಅಕ್ಕಿ ಸಿಗಲಿಲ್ಲ. ಹತ್ತಿಯಂಥ ಏನೋ ಸಿಕ್ಕಿತು. ಎಳೆದಳು. ನೀಲಿ ಬಣ್ಣದ ಸ್ಲೀಪಿಂಗ್ ಬ್ಯಾಗು. ಅದರ ಕೆಳಗೆ ಒಂದು ಗಂಡಸಿನ ಜಾಕೆಟ್ಟು. ಅಷ್ಟೇ.

"ಇದು ಯಾರದು?"

ತೇಜಸ್ವಿ ತನ್ನ ಬ್ಯಾಗಿನಿಂದ ಅಕ್ಕಿ ಚೀಲ, ಬೇಳೆ, ಈರುಳ್ಳಿ ಆಲೂಗಡ್ಡೆಯ ಗಂಟು ಒಂದೊಂದಾಗಿ ತೆಗೆದು ಕಟ್ಟೆಯ ಮೇಲಿಟ್ಟ. ಐದು ಕೆಜಿ.

"ಅಕ್ಕಿಗೆ ಕಾಲು ಬಂದು ನಡ್ಕೊಂಡು ಹೋಯ್ತಾ ಏನು ಕಥೆ?" ಎಂದು ಶೇಷಾದ್ರಿ ನಗಿಸಲು ನೋಡಿದರು. ಹೆಂಡತಿ ಕಣ್ಣು ಬಿಟ್ಟಾಗ ಸುಮ್ಮನಾದರು.

ಲಾಸ್ಯಾ ಸ್ಲೀಪಿಂಗ್ ಬ್ಯಾಗನ್ನು ಅವನ ಕೈಗಿಟ್ಟಳು. ಅಕ್ಕಿ ತೊಳೆದಳು. ಜೇಬಿನಿಂದ ವಿಷಲ್ ತೆಗೆದು ಹಾಕಿದಳು. ಮೂರು ಕೂಗಾದಮೇಲೆ ಇಳಿಸಿದಳು. ಅನ್ನ ಮಲ್ಲಿಗೆಯ ಹಾಗೆ ಅರಳಿತ್ತು. ಎಲ್ಲರಿಗೂ ಬಡಿಸಿ, ತಾನು ಉಣ್ಣದೆ ಕುಕ್ಕರ್ ತೊಳೆಯಲು ಎದ್ದಳು.

ಪಾತ್ರೆ ತೊಳೆಯುವ ನಲ್ಲಿಯ ಹತ್ತಿರ ಅವನು ಬಂದು ನಿಂತ.

"ಲಾಸ್ಯಾ... ನಿನ್ನೆ ನೀವು ಸೈಕಲ್ ತಳ್ಳುವಾಗ ಕಣ್ಣಲ್ಲಿ ನೀರಿತ್ತು. ನನಗೆ ನೋಡೋಕಾಗ್ಲಿಲ್ಲ."

"ಇತ್ತು. ಸಹಾಯ ಮಾಡಿ ಅಂತ ನಾನು ಕೇಳಿದ್ನಾ?"

"ಇಲ್ಲ."

"ಭಾರ ಆಗ್ತಿದೆ ಅಂದ್ನಾ?"

"ಇಲ್ಲ."

"ನಾನು ಅಲ್ಲಿ ಮೇಲೆ ಕುಣಿದಿದ್ದು ನೋಡಿದ್ರಿ. ನಮ್ಮಮ್ಮನ ಹತ್ರ ಕೊಚ್ಕೊಂಡಿದ್ದು ಕೇಳಿದ್ರಿ. ಆಗ್ಲಾದ್ರೂ ಹೇಳ್ಬಹುದಿತ್ತಲ್ವಾ?"

"ನಿಮ್ಮ ಖುಷಿ ಕೆಡಿಸೋಕೆ ಮನಸ್ಸು ಬರ್ಲಿಲ್ಲ."

"ಅದು ನನ್ನ ಖುಷಿ ಆಗಿರ್ಲೇ ಇಲ್ಲ ತೇಜಸ್ವಿ. ನೀವು ಕೊಟ್ಟಿದ್ದು ಅದು."

ಲಾಸ್ಯಾ ಕುಕ್ಕರನ್ನು ಉಜ್ಜುತ್ತಲೇ ಹೇಳಿದಳು. ಧ್ವನಿ ಏರಿಸಲಿಲ್ಲ.

"ನನ್ನ ಮದುವೆ ಮುರಿದಾಗ ಎಲ್ಲರೂ ಕೇಳಿದ್ರು. ಹೊಡೀತಿದ್ನಾ, ಕುಡೀತಿದ್ನಾ ಅಂತ. ಇಲ್ಲ. ತುಂಬಾ ಒಳ್ಳೆಯವರು. ಆರು ವರ್ಷ ನನ್ನ ಕೈಲಿ ಒಂದು ಹಾಲಿನ ಕ್ಯಾನ್ ಹಿಡಿಯೋಕೆ ಬಿಡ್ಲಿಲ್ಲ. ಕಾರ್ ಅವರೇ, ಗ್ರೋಸರಿ ಅವರೇ, ನನ್ನ ಮಾತೂ ಅವರೇ ಆಡೋರು. ಒಂದಿನ ಅವರು ಆಫೀಸ್ ಟ್ರಿಪ್ ಹೋದಾಗ ಮನೆ ಬಲ್ಬ್ ಹೋಯ್ತು. ಎರಡು ದಿನ ಕತ್ತಲಲ್ಲಿ ಕೂತಿದ್ದೆ. ಸ್ಟೂಲ್ ಹತ್ತೋಕೆ ಭಯ. ಮಂಡ್ಯದಲ್ಲಿ ತೆಂಗಿನ ಮರ ಹತ್ತುತ್ತಿದ್ದೋಳು ನಾನು."

"ನನಗೆ ಗೊತ್ತಿರ್ಲಿಲ್ಲ..."

"ಗೊತ್ತಿರ್ಬೇಕಾಗಿರ್ಲಿಲ್ಲ. ಕೇಳಿದ್ರೆ ಸಾಕಿತ್ತು."

ಅವಳು ನಡೆದು ಹೋದಳು. ಕ್ಯಾಂಪಿನ ಆಚೆ ಕೆಲವು ವರ್ಷದ ಹಿಂದಿನ ಬೆಂಕಿ ದಾಟಿಹೋದ ಜಾಗ. ಕರ್ರಗೆ ಸುಟ್ಟ ರೆಡ್‌ವುಡ್ ಬೊಡ್ಡೆಗಳು. ಸತ್ತೇಹೋಗಿವೆ ಅಂದುಕೊಂಡು ಹತ್ತಿರ ಹೋದಳು. ಇದ್ದಲಿನಂಥ ತೊಗಟೆಯಿಂದಲೇ, ಬುಡದಿಂದ ಮೇಲಿನವರೆಗೂ, ಎಳೆ ಹಸಿರು ಚಿಗುರು ತೋಳಿನ ರೋಮದ ಹಾಗೆ ಎದ್ದು ನಿಂತಿತ್ತು. ಅವಳು ಅಲ್ಲೇ ಕೂತು ಅತ್ತಳು. ಗೆದ್ದೆ ಅಂದುಕೊಂಡ ಬೆಟ್ಟ ಹೋಯಿತೆಂದು ಅತ್ತಳೋ, ಅವನ ಮೇಲೆ ಮನಸ್ಸು ಬಂದಿತ್ತಲ್ಲ ಎಂದು ಅತ್ತಳೋ, ಅವಳಿಗೇ ತಿಳಿಯಲಿಲ್ಲ.

* * *

ಮೂರನೇ ದಿನ ಲಾಸ್ಯಾ ಗುಂಪಿನ ಮುಂದೆ ಹೋದಳು. ಹಿಂದೆ ನೋಡಲಿಲ್ಲ. ಪ್ರಭಾ ಅಕ್ಕ ಪಕ್ಕಕ್ಕೆ ಬಂದರು.

"ಅವನ ಪರ ಮಾತಾಡಲ್ಲ ನಾನು. ಮಾಡಿದ್ದು ತಪ್ಪು. ಆದ್ರೆ ಒಂದು ಹೇಳ್ತೀನಿ ಕೇಳು. ನಾಲ್ಕು ವರ್ಷದಿಂದ ನಮ್ಮ ಜೊತೆ ಬರ್ತಾನೆ. ಒಂದಿನ ಯಾರ ಹತ್ರಾನೂ ಒಂದು ಗುಟುಕು ನೀರು ಕೇಳಿಲ್ಲ. ಕೊಡೋದೊಂದೇ ಗೊತ್ತು, ಪೆದ್ದ. ಇವತ್ತು ಬೆಳಿಗ್ಗೆ ಕುಂಟ್ತಾ ಇದ್ದ. ಏನಾಯ್ತೋ ಅಂದ್ರೆ, ಶೂ ಕಚ್ತಿದೆ ಅಕ್ಕ ಅಂತಾನೆ."

ಲಾಸ್ಯಾ ಗೇರ್ ಬದಲಿಸಿ ಮುಂದೆ ತುಳಿದಳು.

ಲಾ ಹೋಂಡಾದ ಅಂಗಡಿ ಮುಂದೆ ಎಲ್ಲರೂ ಸೇರಿದರು. ಅಲ್ಲಿಂದ ಸ್ಕೈಲೈನ್ ರಸ್ತೆಯವರೆಗೆ ಏಳು ಮೈಲಿ ಏರು, ಇದೇ ಕೊನೆಯದು. ಒಂಬತ್ತು ಜನ ಬಂದರು. ಹತ್ತನೆಯವನು ಬರಲಿಲ್ಲ. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಫೋನ್ ಸಿಗುವ ಜಾಗವಲ್ಲ.

ಎಲ್ಲರ ಹಿಂದೆ ಅವನಿರುತ್ತಾನೆ. ಅವನ ಹಿಂದೆ ಯಾರಿರುತ್ತಾರೆ? ಲಾಸ್ಯಾಳಿಗೆ ಈ ಪ್ರಶ್ನೆ ಹೊಳೆದದ್ದು ಆಗಲೇ.

"ನಾನು ಹೋಗಿ ನೋಡ್ಕೊಂಡು ಬರ್ತೀನಿ," ಎಂದು ಶೇಷಾದ್ರಿ ಎದ್ದರು.

"ನೀವು ಕೂತ್ಕೊಳ್ಳಿ ಅಂಕಲ್. ನಾನು ಹೋಗ್ತೀನಿ."

"ಕುಕ್ಕರಾದ್ರೂ ಬಿಚ್ಚಿಟ್ಟು ಹೋಗೇ," ಎಂದರು ಪ್ರಭಾ ಅಕ್ಕ.

"ಇರಲಿ ಅಕ್ಕ. ಅದಿಲ್ದೆ ನನಗೆ ಬ್ಯಾಲೆನ್ಸ್ ಸಿಗಲ್ಲ."

ಎರಡು ಮೈಲಿ ಹಿಂದೆ, ರಸ್ತೆ ಪಕ್ಕದ ಬಿದ್ದ ಮರದ ಮೇಲೆ ಅವನು ಕೂತಿದ್ದ. ಬಲ ಮೊಣಕಾಲಿಗೆ ಒದ್ದೆ ಕರ್ಚೀಫು ಕಟ್ಟಿಕೊಂಡಿದ್ದ. ಟಣ್ ಟಣ್ ಸದ್ದು ಕೇಳಿ ತಲೆ ಎತ್ತಿದ.

"ಏನಿಲ್ಲ. ಸ್ವಲ್ಪ ಹಿಡ್ಕೊಂಡಿದೆ. ನೀವು ಹೋಗಿ, ನಾನು ನಿಧಾನಕ್ಕೆ ಬರ್ತೀನಿ."

ಲಾಸ್ಯಾ ಸೈಕಲ್ ಒರಗಿಸಿ, ಮರದ ಇನ್ನೊಂದು ತುದಿಯಲ್ಲಿ ಕೂತಳು.

"ಹೋಗೋ ಹಾಗಿಲ್ಲ. ಇವತ್ತು ನಾನು ಸ್ವೀಪ್. ಸ್ವೀಪ್ ಯಾರನ್ನೂ ದಾಟಬಾರದು."

ಅವನಿಗೆ ನಗು ಬಂತು. ಬಂದ ಹಾಗೇ ಹೋಯಿತು.

"ಯಾವಾಗಿನಿಂದ ನೋವು?"

"ನಿನ್ನೆ ಬೆಳಿಗ್ಗೆಯಿಂದ."

ನಿನ್ನೆ ಬೆಳಿಗ್ಗೆ. ಅವಳ ಐದು ಕೆಜಿ ಅವನ ಬ್ಯಾಗಿನಲ್ಲಿದ್ದ ಬೆಳಿಗ್ಗೆ. ಇಬ್ಬರಿಗೂ ಅರ್ಥವಾಯಿತು.

ಅವಳು ಕಡಲೆ ಮಿಠಾಯಿ ಮುರಿದು ಅರ್ಧ ಅವನತ್ತ ಚಾಚಿದಳು. ಅವನ ಎರಡು ಬ್ಯಾಗುಗಳನ್ನು ನೋಡಿದಳು. ಎದ್ದು ಬಿಚ್ಚಿ ತನ್ನ ಸೈಕಲ್ಲಿಗೆ ಹಾಕಿಕೊಳ್ಳುವುದು ಒಂದು ನಿಮಿಷದ ಕೆಲಸ. ಕೈ ತುರಿಸಿತು. ಆದರೆ ಮುಟ್ಟಲಿಲ್ಲ.

"ನೀವು ಹೇಳದೆ ನಾನು ತಗೊಳ್ಳಲ್ಲ," ಎಂದಳು. "ಕೇಳಿದ್ರೆ ತಗೋತೀನಿ. ನನಗೇನೂ ಅರ್ಜೆಂಟಿಲ್ಲ."

ತೇಜಸ್ವಿ ಮಿಠಾಯಿ ತಿಂದು ಮುಗಿಸಿದ. ಮೇಲೆ ಮರ ನೋಡಿದ. ಕಾರೊಂದು ದಾಟಿ ಹೋಯಿತು. ಒಂದು ಸಣ್ಣ ವಾಕ್ಯ ಇಷ್ಟು ಭಾರವಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಮನೆಗೆ ಹಿರಿಮಗ ಅವನು. ಹದಿನೇಳನೇ ವಯಸ್ಸಿನಿಂದ ಎಲ್ಲರೂ ಅವನನ್ನೇ ಕೇಳಿದ್ದರು. ಅವನು ಯಾರನ್ನೂ ಕೇಳಿದ್ದಿಲ್ಲ.

"ಲಾಸ್ಯಾ..."

"ಹ್ಞೂಂ."

"ನನ್ನ ಕೈಲಿ ಆಗ್ತಿಲ್ಲ." ಅವನ ಧ್ವನಿ ಒಡೆಯಿತು. "ಈ ಬ್ಯಾಗು... ನೀವು ಹೊತ್ಕೊತೀರಾ?"

"ಹೊತ್ಕೊತೀನಿ."

ಅಷ್ಟೇ ಅಂದಳು. ಎದ್ದಳು. ಬೆನ್ನು ತಿರುಗಿಸಿ ಬ್ಯಾಗು ಕಟ್ಟುವಾಗ ಕಣ್ಣು ತುಂಬಿದ್ದನ್ನು ಅವನಿಗೆ ತೋರಿಸಲಿಲ್ಲ.

"ಇನ್ನೊಂದು ಕೇಳ್ಲಾ?" ಎಂದ ಹಿಂದಿನಿಂದ.

"ಒಂದು ಕೇಳೋಕೆ ನಾಲ್ಕು ವರ್ಷ ಹಿಡೀತು. ಸ್ವಲ್ಪ ಉಸಿರು ತಗೊಳ್ಳಿ. ಮೇಲೆ ಹೋದ್ಮೇಲೆ ಕೇಳಿ."

ಲಾ ಹೋಂಡಾದಲ್ಲಿ ಪ್ರಭಾ ಅಕ್ಕ ಅವನ ಮೊಣಕಾಲು ಒತ್ತಿ ನೋಡಿ ಬಿಗಿಯಾಗಿ ಪಟ್ಟಿ ಕಟ್ಟಿದರು. "ನಾನು ಮಕ್ಕಳ ಡಾಕ್ಟ್ರು. ಪರವಾಗಿಲ್ಲ, ಇವನೂ ಮಗುನೇ. ಊತ ಜಾಸ್ತಿ ಇಲ್ಲ. ಭಾರ ಇಲ್ದೆ ಮೆಲ್ಲಗೆ ತುಳಿ, ನೋವಾದ್ರೆ ಇಳಿದು ನಡಿ." ಆಮೇಲೆ ಲಾಸ್ಯಾಳ ಸೈಕಲ್ ನೋಡಿದರು. ಮುಂದೆ ಎರಡು ಬ್ಯಾಗು, ಹಿಂದೆ ಎರಡು ಬ್ಯಾಗು, ಎಲ್ಲದರ ಮೇಲೆ ಕುಕ್ಕರು.

ಏಳು ಮೈಲಿ.

ಮೊದಲ ಎರಡು ಮೈಲಿ ಹೊಳೆಯ ಜೊತೆಗೆ ಸಾಗಿದವು. ಆಮೇಲೆ ರಸ್ತೆ ತಲೆ ಎತ್ತಿತು. ಈ ಸಲ ತೊಡೆ ಹಿಡಿದುಕೊಂಡವು, ಸರಿಯಾಗಿಯೇ. ನಾಲ್ಕನೇ ಮೈಲಿಯಲ್ಲಿ ಅವಳು ಇಳಿದಳು. ನೀರು ಕುಡಿದಳು. ನೂರು ಹೆಜ್ಜೆ ತಳ್ಳಿದಳು. ಮೊದಲ ದಿನದ ಹಾಗೆ ನಾಚಿಕೆಯಾಗಲಿಲ್ಲ. ಈ ಇಳಿದದ್ದೂ ನನ್ನದೇ, ಅಂದುಕೊಂಡಳು. ಮತ್ತೆ ಹತ್ತಿದಳು.

ಹಿಂದೆ ತೇಜಸ್ವಿ ಒಂದು ಕಾಲಲ್ಲಿ ಒತ್ತುತ್ತಾ, ಆಗಾಗ ನಡೆಯುತ್ತಾ ಬರುತ್ತಿದ್ದ. ತುಂಬ ಹಿಂದಾದಾಗ ಅವಳು ನಿಂತು ಕಾದಳು. ಅವನು 'ಹುಷಾರು' ಎನ್ನಲಿಲ್ಲ, 'ಕೊಡಿ' ಎನ್ನಲಿಲ್ಲ. ಒಂದು ಕಡಿದಾದ ತಿರುವಿನಲ್ಲಿ ಮಾತ್ರ, "ಲಾಸ್ಯಾ, ನನ್ನ ಬ್ಯಾಗಲ್ಲಿ ಒಂದು ಕಬ್ಬಿಣದ ಸ್ಪ್ಯಾನರ್ ಇದೆ. ಸುಮ್ನೆ ತಂದಿದ್ದೆ. ಸಾರಿ," ಎಂದ.

"ಈಗ ಹೇಳ್ತೀರಾ?" ಎಂದು ಅವಳು ನಕ್ಕು, ನಕ್ಕ ತಪ್ಪಿಗೆ ಉಸಿರು ಕಟ್ಟಿ, ಆದರೂ ತುಳಿದಳು.

ಮರಗಳು ತೆರೆದುಕೊಂಡವು. ಸ್ಕೈಲೈನ್. ಅಡ್ಡರಸ್ತೆಯ ಹೋಟೆಲ್ ಮುಂದೆ ಎಂಟೂ ಜನ ಕಾಯುತ್ತಿದ್ದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪ್ರಭಾ ಅಕ್ಕ ಮೊದಲು ಬಂದು ಅವಳ ಸೈಕಲನ್ನು ಎರಡು ಕೈಯಲ್ಲಿ ಎತ್ತಿ ನೋಡಿದರು. "ಅಬ್ಬಾ," ಎಂದು ಇಳಿಸಿದರು. ಆಮೇಲೆ ಶೇಷಾದ್ರಿ ಎತ್ತಿ ನೋಡಿದರು. ಇಂಚರಾ ಎತ್ತಲು ಹೋದಾಗ ಒಂದು ಚಕ್ರ ಮಾತ್ರ ಮೇಲೇರಿತು. "ದಿಸ್ ಈಸ್ ಇನ್ಸೇನ್, ಲಾಸ್ಯಾ ಅಕ್ಕ." ಹ್ಯಾಂಡಲ್ ಹಿಡಿದು ನಿಂತ ಲಾಸ್ಯಾಳ ಮುಂದೆ ಒಬ್ಬೊಬ್ಬರೇ ಬಂದು, ದೇವರ ಮುಂದೆ ಮಂಗಳಾರತಿ ತಗೊಳ್ಳುವ ಹಾಗೆ, ಆ ಸೈಕಲ್ ಎತ್ತಿ ನೋಡಿ ಹೋದರು. ಅವಳ ಬೆನ್ನು ನೆಟ್ಟಗಿತ್ತು.

ಫೋನಿಗೆ ಸಿಗ್ನಲ್ ಬಂದಿತ್ತು. ಲಾಸ್ಯಾ ಸ್ಪೀಕರ್ ಹಾಕಿ ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮ, ನಿನ್ನೆ ನಾನು ಹೇಳಿದ್ದು ಸುಳ್ಳು. ನನಗೇ ಗೊತ್ತಿರ್ಲಿಲ್ಲ. ಅಕ್ಕಿ ನನ್ನ ಹತ್ರ ಇರ್ಲಿಲ್ಲ."

"ಹ್ಞಾ? ಮತ್ತೆ?"

"ಇವತ್ತು ನಿಜ. ಏಳು ಮೈಲಿ. ನಂದೂ ಹೊತ್ತೆ, ಇನ್ನೊಬ್ಬರದ್ದೂ ಹೊತ್ತೆ. ಮಧ್ಯ ಒಂದ್ಸಲ ಇಳಿದೆ."

"ಇಳಿದ್ರೆ ಇಳಿದೆ ಬುಡು, ಯಾರ್ ಇಳಿಯಾಕಿಲ್ಲ. ಇನ್ನೊಬ್ರುದ್ದು ಅಂದ್ರೆ... ಯಾರ್ದು ಮಗಾ?"

ಲಾಸ್ಯಾ ತೇಜಸ್ವಿಯತ್ತ ನೋಡಿದಳು. ಅವನು ಕಟ್ಟೆ ಮೇಲೆ ಕಾಲು ಚಾಚಿ ಕೂತಿದ್ದ. ಕೇಳಿಸಿಕೊಳ್ಳುತ್ತಿದ್ದಾನೆಂದು ಗೊತ್ತಿದ್ದೂ ಅವಳು ಧ್ವನಿ ತಗ್ಗಿಸಲಿಲ್ಲ.

"ಬೇಕಾದೋರ್ದು."

ಆ ಕಡೆ ಪಾತ್ರೆ ಇಟ್ಟ ಸದ್ದು ಕೇಳಿತು.

"ಮುದ್ದೆ ಉಣ್ತಾರಾ ಕೇಳು," ಎಂದರು ಮರಿತಾಯಮ್ಮ. "ಬಾನುವಾರ ಕರ್ಕ ಬಾ."

"ಎರಡು ಉಣ್ತೀನಿ ಅಂತ ಹೇಳಿ," ಎಂದ ತೇಜಸ್ವಿ ಕಟ್ಟೆಯಿಂದಲೇ.

ಇನ್ನು ಉಳಿದದ್ದು ಇಳಿಜಾರು. ವುಡ್‌ಸೈಡ್‌ಗೆ ಇಳಿದು, ರೆಡ್‌ವುಡ್ ಸಿಟಿಯಲ್ಲಿ ಸೈಕಲ್ ಸಮೇತ ರೈಲು ಹತ್ತುವುದು. ಒಬ್ಬೊಬ್ಬರೇ ಹೊರಟರು. ಇವರಿಬ್ಬರೇ ಉಳಿದರು.

"ಇನ್ನೊಂದು ಕೇಳ್ಬೇಕು ಅಂದಿದ್ರಲ್ಲ," ಎಂದಳು.

"ನಿಮ್ಮ ಹಿಂದೆ ಅಲ್ಲ... ಇನ್ಮುಂದೆ ಪಕ್ಕದಲ್ಲಿ ಬರ್ಲಾ?"

"ಈ ರಸ್ತೇಲಿ ಪಕ್ಕ ಪಕ್ಕ ಹೋದ್ರೆ ಪ್ರಭಾ ಅಕ್ಕ ಬೈತಾರೆ. ಸಾಲಾಗೇ ಹೋಗ್ಬೇಕು, ಅದೂ ರೂಲೇ."

"ಕ್ಯಾಂಪ್‌ಬೆಲ್ ಟ್ರೈಲ್‌ನಲ್ಲಿ?"

ಅವಳು ಮೊಣಕಾಲು ತರಚಿಕೊಂಡ ಜಾಗ. ಒಬ್ಬಳೇ ಎದ್ದ ಜಾಗ.

"ಅಲ್ಲಿ ಪರವಾಗಿಲ್ಲ," ಎಂದಳು ಲಾಸ್ಯಾ.

"ನನ್ನ ಬ್ಯಾಗು ಈಗ ವಾಪಸ್ ಕೊಡ್ತೀರಾ? ಇಳಿಜಾರಲ್ವಾ."

"ಕೊಡಲ್ಲ. ಮನೆವರೆಗೂ ನಂದೇ." ಅವಳು ಬೆನ್ನ ಜೇಬಿಗೆ ಕೈ ಹಾಕಿ ಕುಕ್ಕರಿನ ವಿಷಲ್ ತೆಗೆದು ಅವನ ಅಂಗೈಯಲ್ಲಿಟ್ಟಳು. "ಇದನ್ನ ನೀವು ಹೊತ್ಕೊಳ್ಳಿ. ಕಳೀಬೇಡಿ."

"ಕಳೆಯಲ್ಲ," ಎಂದು ಅವನು ಅದನ್ನು ತನ್ನ ಜೆರ್ಸಿಯ ಬೆನ್ನ ಜೇಬಿಗೆ ಹಾಕಿಕೊಂಡ.

ಅವಳು ಬ್ರೇಕ್ ಬಿಟ್ಟಳು. ಮೊದಲ ತಿರುವಿನಲ್ಲಿ ಕುಕ್ಕರಿನ ಮುಚ್ಚಳ ಟಣ್ ಎಂದಿತು. ಹಿಂದೆ ಬರುತ್ತಿದ್ದ ತೇಜಸ್ವಿ ಒಂದು ಕೈ ಹ್ಯಾಂಡಲ್‌ನಿಂದ ತೆಗೆದು, ಬೆನ್ನ ಜೇಬನ್ನು ಮುಟ್ಟಿ ನೋಡಿಕೊಂಡ.